ಬಸ್ರೂರು: ನನ್ನ ರೀಲ್ ತಪ್ಪಿದ್ದು ಎಲ್ಲಿ

1/10
(ಫೋಟೋ: ಹೆಮ್ಮಾಡಿ ಜಂಕ್ಷನ್, ಬೆಳಿಗ್ಗೆ ಏಳೂವರೆ)

ಈ ಸಲದ ಸರಣಿ ಸ್ವಲ್ಪ ಉದ್ದ. ಹತ್ತು ಫೋಟೋ, ಹತ್ತು ಕ್ಯಾಪ್ಷನ್. ಪುರುಸೊತ್ತು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ. ಯಾಕಂದ್ರೆ ಇದು ತಿರುಗಾಟದ ಕಥೆ ಮಾತ್ರ ಅಲ್ಲ, ನನ್ನದೊಂದು ತಪ್ಪೊಪ್ಪಿಗೆ ಕೂಡ.

ಫೆಬ್ರವರಿಯಲ್ಲಿ ನಾನೊಂದು ರೀಲ್ ಹಾಕಿದ್ದು ನೆನಪಿದೆಯಾ? ಮೂವತ್ತು ಸೆಕೆಂಡಿನದ್ದು. ಸಮುದ್ರ, ಹಡಗು, ಜೋರು ಮ್ಯೂಸಿಕ್, ಮೇಲೆ ದಪ್ಪ ಅಕ್ಷರದಲ್ಲಿ: "1665, ಶಿವಾಜಿ ಮಹಾರಾಜರು ಪೋರ್ಚುಗೀಸರಿಂದ ನಮ್ಮ ಬಸ್ರೂರನ್ನು ಬಿಡಿಸಿದ ವರ್ಷ." ನನ್ನ ಪೇಜಲ್ಲಿ ಅಷ್ಟು ಓಡಿದ ರೀಲ್ ಇನ್ನೊಂದಿಲ್ಲ. ನಿಮ್ಮಲ್ಲೇ ಎಷ್ಟೋ ಜನ ಸ್ಟೇಟಸ್‌ಗೆ ಹಾಕ್ಕೊಂಡಿದ್ರಿ.

ಎರಡು ದಿನ ಬಿಟ್ಟು ನಮ್ಮ ಇತಿಹಾಸದ ಸರ್ ಕ್ಲಾಸ್ ಮುಗಿದ ಮೇಲೆ ಕರೆದ್ರು. "ರೀಲ್ ಚೆಂದ ಮಾಡಿದ್ದೀಯ. ಒಂದು ಹೇಳು, 1665ರಲ್ಲಿ ಬಸ್ರೂರು ಯಾರ ಕೈಯಲ್ಲಿತ್ತು?"

"ಪೋರ್ಚುಗೀಸರ..." ಅಂದೆ.

"ಎಲ್ಲಿ ಓದಿದ್ದು?"

ಎಲ್ಲೂ ಓದಿರಲಿಲ್ಲ. ಇನ್ನೊಬ್ಬರ ರೀಲ್ ನೋಡಿ ನನ್ನದು ಮಾಡಿದ್ದೆ. ಸರ್ ಬೈಯಲಿಲ್ಲ. ಎರಡು ಪುಸ್ತಕ ಕೊಟ್ಟು, "ಓದು, ಆಮೇಲೆ ಒಂದ್ಸಲ ಹೋಗಿ ಬಾ, ದೂರ ಏನಲ್ಲ" ಅಂದ್ರು. ದೂರ ಅಲ್ಲ ಅನ್ನೋದೇ ನಾಚಿಕೆಯ ವಿಷಯ. ಸಿದ್ದಾಪುರಕ್ಕೆ ಹೋಗುವಾಗ ಬಸ್ರೂರಿನ ಮೇಲೆ ಎಷ್ಟೋ ಸಲ ದಾಟಿದ್ದೇನೆ. ಇಳಿದು ನಡೆದದ್ದು ಒಂದ್ಸಲವೂ ಇಲ್ಲ.

2/10
(ಫೋಟೋ: ಬಸ್ಸಿನ ಕಿಟಕಿಯಿಂದ ಹೊಳೆ)

ಹೆಮ್ಮಾಡಿಯಿಂದ ಹೊರಟ್ರೆ ಜಾಲಾಡಿ, ತಲ್ಲೂರು, ಸಂಗಮ್, ಕುಂದಾಪುರ. ದಾರಿ ತುಂಬ ಸೇತುವೆ, ಸೇತುವೆ ಕೆಳಗೆ ನೀರು. ಕುಂದಾಪುರದಲ್ಲಿ ಬಸ್ರೂರು ಮೂರುಕೈ ಹತ್ರ ಪೂರ್ವಕ್ಕೆ ತಿರುಗಿದ್ರೆ ಐದಾರು ಕಿಲೋಮೀಟರಿಗೆ ಬಸ್ರೂರು.

ಜೊತೆಗಿದ್ದ ಗೆಳೆಯ ಬಸ್ಸಲ್ಲೇ ಶುರು ಮಾಡಿದ: "ಏ ಮಾರಾಯ, ಬಂದರು ಅಂದ್ರೆ ಸಮುದ್ರದ ದಂಡೆಯಲ್ಲಿ ಇರ್ಬೇಕಲ್ವಾ? ನಾವು ಸಮುದ್ರಕ್ಕೆ ಬೆನ್ನು ಹಾಕಿ ಹೋಗ್ತಾ ಇದ್ದೇವೆ."

ಒಳ್ಳೆ ಪ್ರಶ್ನೆ. ಉತ್ತರ ನಮ್ಮೂರಿನ ಹೊಳೆಗಳಲ್ಲೇ ಇದೆ. ಗಂಗೊಳ್ಳಿ ಅಳಿವೆ ಹತ್ರ ಐದು ಹೊಳೆ ಒಟ್ಟಾಗ್ತವೆ: ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜ, ಖೇಟಕಿ. ಅದಕ್ಕೇ ಪಂಚಗಂಗಾವಳಿ ಅನ್ನೋದು. ಹಳೆ ಕಾಲದ ಹಡಗುಗಳು ಈಗಿನಷ್ಟು ದೊಡ್ಡವಲ್ಲ. ಉಬ್ಬರದ ನೀರು ಹಿಡಿದು ಅಳಿವೆಯಿಂದ ಒಳಗೆ ಬಂದು, ವಾರಾಹಿಯಲ್ಲಿ ಮೇಲೇರಿ ಬಸ್ರೂರಿಗೆ ತಲುಪಬಹುದಿತ್ತು. ಒಳಗಿದ್ರೆ ಸಮುದ್ರದ ಅಲೆ ಇಲ್ಲ, ಕಡಲ್ಗಳ್ಳರು ಥಟ್ಟನೆ ಬಂದು ಬೀಳೋದೂ ಕಷ್ಟ.

ಇನ್ನೊಂದು ಬದಿ ನೋಡಿ. ಬಸ್ರೂರಿಂದ ಇದೇ ದಾರಿ ಕಂಡ್ಲೂರು, ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದ್ರೆ ಹೊಸನಗರದ ನಗರ. ಆ ನಗರವೇ ಹಳೆ ಬಿದನೂರು, ಕೆಳದಿ ಅರಸರ ರಾಜಧಾನಿ. ಘಟ್ಟದ ಕಾಳುಮೆಣಸು ಕೆಳಗಿಳಿದು, ಬಯಲಿನ ಅಕ್ಕಿ ಅದಕ್ಕೆ ಸೇರಿ, ಎರಡೂ ಹಡಗು ಹತ್ತುವ ಜಾಗ ಬಸ್ರೂರು. ಈ ಘಾಟಿ ದಾರಿಯನ್ನು ನೆನಪಿಟ್ಟುಕೊಳ್ಳಿ, ಏಳನೇ ಕ್ಯಾಪ್ಷನ್‌ಗೆ ಬೇಕಾಗ್ತದೆ.

3/10
(ಫೋಟೋ: ಮುರಕಲ್ಲಿನ ಪಾಗಾರ, ನಡುವೆ ಓಣಿ)

ಬಸ್ಸಿಳಿದು ಬನ್ಸ್, ಚಾ ಮುಗಿಸಿ ನಡೆಯೋಕೆ ಶುರು ಮಾಡಿದ್ವಿ. ಕೋಟೆ ಎಲ್ಲಿ, ಬಂದರು ಎಲ್ಲಿ ಅಂತ ಹುಡುಕ್ತಾ ಅರ್ಧ ಗಂಟೆ ಹೋಯ್ತು. ಕಂಡದ್ದು ತೆಂಗಿನ ತೋಟ, ಹಂಚಿನ ಮನೆ, ಮುರಕಲ್ಲಿನ ಪಾಗಾರ. ಒಂದು ಮನೆ ಅಂಗಳದಲ್ಲಿ ಅಜ್ಜಿಯೊಬ್ರು ಅಡಿಕೆ ಒಣಗ್ಸ್ತಾ ಇದ್ರು.

"ಎಲ್ಲಿಂದ ಬಂದದ್ ಮಕ್ಳೆ?"

"ಹೆಮ್ಮಾಡಿ, ಅಜ್ಜಿ."

"ಸೇವಂತ್ಗಿ ಊರು! ಇಲ್ಲಿ ಎಂತ ಕಾಂಬುಕ್ ಬಂದದ್?"

"ಹಳೆ ಊರು ನೋಡೋಕೆ."

ಅಜ್ಜಿ ನಕ್ರು. "ಈಗ ನಿತ್ಕಂಡದ್ ಎಲ್ಲಿ ಅಂದೇಳಿ ಮಾಡಿರಿ?"

ಹೌದಲ್ವಾ! ನಾವು ಹಳೆ ಊರನ್ನ ಒಂದು ಗೇಟಿನ ಒಳಗೆ, ಟಿಕೆಟ್ ಕೌಂಟರಿನ ಹಿಂದೆ ಹುಡುಕ್ತಾ ಇದ್ವಿ. ಅದು ಕೇರಿಗಳಲ್ಲಿದೆ. ಮೂಡುಕೇರಿ, ಪಡುವಕೇರಿ, ಮಂಡಿಕೇರಿ, ರಾವುತಕೇರಿ, ವಿಲಾಸಕೇರಿ. ಹೆಸರು ಬಿಡಿಸಿ ನೋಡಿ. ಮೂಡು, ಪಡು ದಿಕ್ಕು. ಮಂಡಿ ಅಂದ್ರೆ ಸಗಟು ವ್ಯಾಪಾರದ ಜಾಗ. ರಾವುತ ಅಂದ್ರೆ ಕುದುರೆ ಸವಾರ. ಗೋಡೆ ಬಿದ್ದು ಹೋದ ಮೇಲೂ ಹೆಸರು ಬೀಳಲಿಲ್ಲ. ಆಧಾರ್ ಕಾರ್ಡಿನ ವಿಳಾಸದಲ್ಲಿ ಒಂದು ಬಂದರು ಕೂತಿದೆ.

ಅಜ್ಜಿ ಆಸ್ರಿಗೆ ಅಂತ ಬೆಲ್ಲ, ನೀರು ಕೊಟ್ರು. ಫೋಟೋ ಬೇಡ ಅಂದ್ರು. ಹಾಗಾಗಿ ಪಾಗಾರದ ಫೋಟೋ ಮಾತ್ರ.

4/10
(ಫೋಟೋ: ಮಹಾಲಿಂಗೇಶ್ವರ ದೇವಸ್ಥಾನದ ಹೊರಗಿಂದ)

ಬಸ್ರೂರಿನ ದೇವಸ್ಥಾನಗಳಲ್ಲಿ ಶಾಸನದ ಕಲ್ಲುಗಳಿವೆ. ಹೆಚ್ಚಿನವು ವಿಜಯನಗರದ ಕಾಲದ್ದು, ಕನ್ನಡದಲ್ಲಿವೆ. ಆ ಲಿಪಿ ನಮಗೆ ಓದೋಕೆ ಬರಲ್ಲ. ಆದ್ರೆ ಓದಿದವರು ಅಚ್ಚು ಹಾಕಿಸಿದ್ದಾರೆ, ಸರ್ ಕೊಟ್ಟ ಪುಸ್ತಕದಲ್ಲಿ ಅದರ ಸಾರ ಇತ್ತು. ಅದರಲ್ಲಿ ಮೂರು ಪದ ನಿಮಗೆ ಹೇಳ್ಬೇಕು.

ಒಂದು, "ಹಲರು". ಅಂದ್ರೆ ಹಲವರು. ಕೇರಿಯ ಹಿರಿಯರು, ವ್ಯಾಪಾರಿಗಳು ಸೇರಿ ಕೂರುವ ಸಭೆ. ಮೂಡುಕೇರಿಗೆ ಒಂದು, ಪಡುವಕೇರಿಗೆ ಒಂದು. ಅರಸನ ಅಧಿಕಾರಿ ಬಾರ್ಕೂರಿನಲ್ಲಿ ಕೂತು ರಾಜ್ಯ ನೋಡ್ಕೊಳ್ತಿದ್ದ, ಊರಿನ ದಿನದಿನದ ವ್ಯವಹಾರದಲ್ಲಿ ಹಲರ ಮಾತು ನಡೀತಿತ್ತು.

ಎರಡು, "ನಖರ". ವ್ಯಾಪಾರಿಗಳ ಸಂಘ. ಬಸ್ರೂರಿನ ನಖರೇಶ್ವರ ಅನ್ನೋ ದೇವರ ಹೆಸರಲ್ಲೇ ಅದಿದೆ.

ಮೂರು, "ಹಂಜಮಾನ". ಇದು ಪರ್ಷಿಯನ್ನಿನ ಅಂಜುಮನ್ ಅನ್ನೋ ಪದದಿಂದ ಬಂದದ್ದು, ಕಡಲಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಕೂಟ ಅಂತ ವಿದ್ವಾಂಸರು ಹೇಳ್ತಾರೆ. ಆ ಪದ ನಮ್ಮ ಕರಾವಳಿಯ ಕನ್ನಡ ಶಾಸನಗಳಲ್ಲಿ ಊರಿನ ಉಳಿದ ಸಂಘಗಳ ಸಾಲಲ್ಲೇ ಬರ್ತದೆ.

ನನ್ನ ರೀಲಿನಲ್ಲಿ ಇವರು ಯಾರೂ ಇರಲಿಲ್ಲ. ಊರು ಇತ್ತು, ಊರಿನವರು ಇರಲಿಲ್ಲ.

5/10
(ಫೋಟೋ: ಕೈಬರಹದ ನಕ್ಷೆ, ನಾನು ಬಿಡಿಸಿದ್ದು, ನಗಬೇಡಿ)

ಬಸ್ರೂರಿಗೆ ಎಷ್ಟು ಹೆಸರು ಗೊತ್ತಾ? ಹಳೆ ಬರಹಗಳಲ್ಲಿ ವಸುಪುರ. ವಸು ಅನ್ನೋ ರಾಜ ಕಟ್ಟಿದ ಊರು ಅಂತ ಊರಿನ ಐತಿಹ್ಯ. ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್.

ಮೊರಾಕ್ಕೋ ದೇಶದಿಂದ ಹೊರಟು ಲೋಕ ತಿರುಗಿದ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಹಾದುಹೋದ. ಮಲಬಾರಿನ ಕಡೆ ಬರುವಾಗ ತಾನು ಹೊಕ್ಕ ಮೊದಲ ಊರು "ಅಬೂ ಸರೂರ್" ಅಂತ ಬರೀತಾನೆ. ಸಣ್ಣ ಊರು, ದೊಡ್ಡ ಹಿನ್ನೀರಿನ ದಂಡೆಯಲ್ಲಿದೆ, ತೆಂಗಿನ ಮರ ತುಂಬ. ಅದು ಬಸ್ರೂರು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಮುಂದೆ ಅವನು ಹೋದದ್ದು "ಫಾಕನೂರ್", ಅದು ನಮ್ಮ ಬಾರ್ಕೂರು.

ಸುಮಾರು 680 ವರ್ಷ ಆಯ್ತು. ಹಿನ್ನೀರು ಹಾಗೇ ಇದೆ, ತೆಂಗು ಹಾಗೇ ಇದೆ. ಬೆಳಿಗ್ಗೆ ಇಲ್ಲಿ ಏನೂ ಇಲ್ಲ ಅಂತ ನಾವು ಗೊಣಗಿದ್ದು ಅವನು ಬರೆದಿಟ್ಟ ಅದೇ ಎರಡು ವಸ್ತು ನೋಡಿ!

6/10
(ಫೋಟೋ: ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ)

ಈಗ ಅಕ್ಕಿ ವಿಷಯ. ನಾವು ದಿನಾ ಉಣ್ಣುವ ಅಕ್ಕಿಗೆ ಇಷ್ಟು ಜಗಳ ಆಗಿದೆ ಅಂತ ನನಗೆ ಗೊತ್ತಿರಲಿಲ್ಲ.

ಪೋರ್ಚುಗೀಸರು 1498ರಲ್ಲಿ ಭಾರತಕ್ಕೆ ಬಂದ್ರು, 1510ರಲ್ಲಿ ಗೋವೆ ಹಿಡಿದ್ರು. ಅವರಿಗೆ ಕಾಳುಮೆಣಸು ಬೇಕಿತ್ತು ಅಂತ ಎಲ್ಲ ಪಾಠದಲ್ಲೂ ಇದೆ. ಆದ್ರೆ ಮೆಣಸು ತಿಂದು ಬದುಕೋಕಾಗಲ್ಲ. ಗೋವೆಯ ಜನರಿಗೆ, ಮಲಬಾರಿನ ಕೋಟೆಗಳ ಸೈನಿಕರಿಗೆ ಊಟಕ್ಕೆ ಅಕ್ಕಿ ಬೇಕಿತ್ತು. ಅದು ಹೋಗ್ತಿದ್ದದ್ದು ಕೆನರಾ ಕರಾವಳಿಯಿಂದ, ಅಂದ್ರೆ ಮಂಗಳೂರು, ಬಾರ್ಕೂರು, ಬಸ್ರೂರು, ಭಟ್ಕಳ, ಹೊನ್ನಾವರದ ಬಂದರುಗಳಿಂದ. ಹಾಗಾಗಿ ಅವರು ಅಕ್ಕಿ ಕಪ್ಪ ಕೇಳಿದ್ರು. ಸಮುದ್ರದಲ್ಲಿ ಹಡಗು ಓಡಿಸೋಕೆ ತಮ್ಮ ಪರವಾನಗಿ ಚೀಟಿ ತಗೋಬೇಕು ಅಂದ್ರು, ಅದಕ್ಕೆ ಕಾರ್ತಾಜ್ ಅಂತ ಹೆಸರು. ಚೀಟಿ ಇಲ್ಲದ ಹಡಗು ಸಿಕ್ಕಿದ್ರೆ ಹಿಡಿಯೋದು. ಬಸ್ರೂರಿನ ವ್ಯಾಪಾರಿಗಳು ಬಗ್ಗಲಿಲ್ಲ. ಕೊನೆಗೆ 1569ರಲ್ಲಿ ಗೋವೆಯ ವೈಸ್‌ರಾಯ್ ಲೂಯಿಸ್ ದ ಅತೈದೆ ದಂಡೆತ್ತಿ ಬಂದು ಇಲ್ಲಿ ಕೋಟೆ ಕಟ್ಟಿಸಿದ.

ಹಾಗಾದ್ರೆ ಪೋರ್ಚುಗೀಸರ ಕಾಟ ಸುಳ್ಳಲ್ಲ. ನನ್ನ ರೀಲಿನ ಅಷ್ಟು ಭಾಗ ಸರಿ.

ಆದ್ರೆ ಕೋಟೆ ಎಲ್ಲಿತ್ತು? ಕೆಳಗೆ, ಕಡಲ ಕಡೆಗೆ. 1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋ ಇಟಲಿಯ ಪ್ರವಾಸಿ ಇಕ್ಕೇರಿಯಿಂದ ಘಟ್ಟ ಇಳಿದು ಇಲ್ಲಿಗೆ ಬಂದ. ಅವನು ಸ್ಪಷ್ಟವಾಗಿ ಬರೀತಾನೆ, ಬಸ್ರೂರು ಎರಡು ಅಂತ. ಕಡಲ ಹತ್ತಿರದ ಕೆಳಗಿನ ಬಸ್ರೂರು ಪೋರ್ಚುಗೀಸರದ್ದು. ಒಳನಾಡಿನ ಮೇಲಿನ ಬಸ್ರೂರು ಕೆಳದಿಯ ವೆಂಕಟಪ್ಪ ನಾಯಕನದ್ದು. ನಾವು ನಿಂತಿದ್ದ ಕೇರಿಗಳು ಮೇಲಿನ ಬಸ್ರೂರಿನವು.

7/10
(ಫೋಟೋ: ಖಾಲಿ ರಸ್ತೆ, ಘಟ್ಟದ ಕಡೆಗೆ)

ಈಗ ಸರ್ ಕೇಳಿದ ಪ್ರಶ್ನೆ. 1665ರಲ್ಲಿ ಬಸ್ರೂರು ಯಾರ ಕೈಯಲ್ಲಿತ್ತು?

ಮೇಲಿನ ಊರು ಮೊದಲೇ ಕೆಳದಿಯವರದ್ದು. ಕೆಳಗಿನ ಕೋಟೆ? 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಘಟ್ಟದಿಂದ ಸೈನ್ಯ ಇಳಿಸಿ ಬಸ್ರೂರು, ಗಂಗೊಳ್ಳಿ, ಹೊನ್ನಾವರದ ಪೋರ್ಚುಗೀಸ್ ಕೋಟೆಗಳನ್ನ ಒಂದೊಂದಾಗಿ ಕಿತ್ತುಕೊಂಡ. ನಮ್ಮ ಮನೆ ಪಕ್ಕದ ಗಂಗೊಳ್ಳಿ! ಪೋರ್ಚುಗೀಸರನ್ನ ಇಲ್ಲಿಂದ ಓಡಿಸಿದ್ದು ಯಾರು ಅಂತ ಕೇಳಿದ್ರೆ ಮೊದಲು ಹೇಳಬೇಕಾದ ಹೆಸರು ಅದು. ಭೂಕಂದಾಯದ "ಶಿಸ್ತು" ಅಂದ ಕೂಡ್ಲೇ ಪರೀಕ್ಷೆಗೆ ಬರೀತೇವಲ್ಲ, ಅದೇ ಶಿವಪ್ಪ ನಾಯಕ. 1660ರಲ್ಲಿ ತೀರಿಕೊಂಡ. 1665ರಲ್ಲಿ ಬಿದನೂರಿನ ಗದ್ದುಗೆಯಲ್ಲಿದ್ದದ್ದು ಅವನ ಮಗ ಸೋಮಶೇಖರ ನಾಯಕ.

ಆ ವರ್ಷದ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಸ್ವತಃ ಹಡಗೇರಿ ಬಂದದ್ದು ನಿಜ. 85 ಸಣ್ಣ ಯುದ್ಧನೌಕೆ, 3 ದೊಡ್ಡ ಹಡಗು ಅಂತ ಕಾರವಾರದಲ್ಲಿದ್ದ ಇಂಗ್ಲಿಷ್ ವ್ಯಾಪಾರಿಗಳು ಬರೆದಿಟ್ಟಿದ್ದಾರೆ. ಬಸ್ರೂರನ್ನ ಲೂಟಿ ಮಾಡಿ, ಹಿಂದಿರುಗುವಾಗ ಗೋಕರ್ಣದಲ್ಲಿ ಸ್ನಾನ ಮಾಡಿ, ಅಂಕೋಲೆಯ ಮೇಲಿಂದ ಕಾರವಾರಕ್ಕೆ ಬಂದ್ರು. ಅಲ್ಲಿನ ವ್ಯಾಪಾರಿಗಳು ಹಣ ಒಟ್ಟು ಮಾಡಿ ಕೊಟ್ಟು ಊರನ್ನ ಉಳಿಸಿಕೊಂಡ್ರು. ಇಂಗ್ಲಿಷರ ಪಾಲಿಗೆ ಬಂದದ್ದು 112 ಪೌಂಡ್.

ಇದು ಇಂಗ್ಲಿಷರು ಕಟ್ಟಿದ ಕಥೆ ಇರಬಹುದಲ್ಲ ಅಂತ ನನಗೂ ಅನ್ನಿಸ್ತು. ಆದ್ರೆ ಮಹಾರಾಜರ ಕಡೆಯವರೇ ಆದ ಕೃಷ್ಣಾಜಿ ಅನಂತ ಸಭಾಸದ 1690ರ ದಶಕದಲ್ಲಿ ಮರಾಠಿಯಲ್ಲಿ ಬರೆದ ಬಖರಿನಲ್ಲೂ ಬಸ್ರೂರು ಬಿದನೂರಿನವರ ಸೀಮೆಯ ಶ್ರೀಮಂತ ಬಂದರು, ಅಲ್ಲಿಂದ ಅಪಾರ ಸಂಪತ್ತು ತಂದರು ಅಂತಲೇ ಇದೆ. ಅವರು ಅದನ್ನ ಮುಚ್ಚಿಡಲಿಲ್ಲ. ಮುಚ್ಚಿ, ಬಣ್ಣ ಬಳಿದು, ಮ್ಯೂಸಿಕ್ ಹಾಕಿದ್ದು ನಾವು.

8/10
(ಫೋಟೋ: ತುಳುವೇಶ್ವರ, ಬೇರುಗಳು)

ಇದನ್ನ ಬರೆದದ್ದಕ್ಕೆ ಕೆಲವರಿಗೆ ಸಿಟ್ಟು ಬರಬಹುದು. ಹಾಗಾಗಿ ಬಿಡಿಸಿ ಹೇಳ್ತೇನೆ. ಆ ಕಾಲದಲ್ಲಿ ಸೈನ್ಯ ಸಾಕೋಕೆ ಹಣ ಬೇಕು, ಹಣ ಇದ್ದದ್ದು ಬಂದರುಗಳಲ್ಲಿ. 1664ರಲ್ಲಿ ಸೂರತ್, 1665ರಲ್ಲಿ ಬಸ್ರೂರು. ಕೆಳದಿಯವರೂ ನೆರೆಯವರ ಮೇಲೆ ದಂಡೆತ್ತಿ ಹೋದವರೇ. ಯಾರೋ ಒಬ್ಬರನ್ನ ಸಣ್ಣ ಮಾಡೋಕೆ ಇದನ್ನ ಹೇಳ್ತಾ ಇಲ್ಲ. ಲೂಟಿ ಆದ ಊರಿನ ಜಾಗದಲ್ಲಿ ನಿಂತು ನೋಡಿದ್ರೆ ಕಥೆ ಬೇರೆ ಕಾಣ್ತದೆ, ಅಷ್ಟೇ. ಮಂಡಿಕೇರಿಯ ಒಬ್ಬ ವ್ಯಾಪಾರಿಗೆ ಆ ಬೆಳಿಗ್ಗೆ ಹೇಗಿದ್ದಿರಬಹುದು? ನಾನು ಅವನಿಗೆ "ನಿನ್ನನ್ನ ಬಿಡಿಸಿದ್ರು" ಅಂತ ಹೇಳಿದ ಹಾಗಾಯ್ತಲ್ಲ.

ಕಥೆ ಅಲ್ಲಿಗೂ ನಿಲ್ಲಲ್ಲ. ಸೋಮಶೇಖರ ನಾಯಕನ ನಂತರ ಆಳಿದ್ದು ಅವನ ಹೆಂಡತಿ ಕೆಳದಿ ಚೆನ್ನಮ್ಮ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ್ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟದ್ದು ಇದೇ ಚೆನ್ನಮ್ಮ. ತನ್ನ ಗಂಡನ ಬಂದರು ಲೂಟಿಯಾಗಿ 24 ವರ್ಷ ಆಗಿತ್ತು. ಬಂದವನು ಯಾರ ಮಗ ಅಂತ ಅವಳಿಗೆ ಗೊತ್ತಿರಲಿಲ್ವಾ? ಗೊತ್ತಿದ್ದೇ ಬಾಗಿಲು ತೆಗೆದಳು, ಮೊಗಲರ ಸೈನ್ಯವನ್ನ ಎದುರಿಸಿದಳು. ಒಂದೇ ದಿನದ ರೀಲಲ್ಲಿ ಇದು ಎಲ್ಲಿ ಹಿಡಿಸ್ತದೆ ಹೇಳಿ.

ಮಧ್ಯಾಹ್ನ ದಾರಿ ಕೇಳ್ತಾ ಕೇಳ್ತಾ ತುಳುವೇಶ್ವರಕ್ಕೆ ಹೋದ್ವಿ. ಮರದ ಬೇರುಗಳು ಹಳೆ ಗುಡಿಯ ಕಲ್ಲುಗಳನ್ನ ಅಪ್ಪಿ ಹಿಡಿದಿವೆ. ಬೇರು ಗೋಡೆಯನ್ನ ಒಡೀತಾ ಇದೆಯಾ, ಬೀಳದ ಹಾಗೆ ಹಿಡಿದಿದೆಯಾ ಅಂತ ಹೇಳೋದು ಕಷ್ಟ. ಚಪ್ಪಲಿ ಹೊರಗಿಟ್ಟು, ಕೈ ಮುಗಿದು, ಸ್ವಲ್ಪ ಹೊತ್ತು ಸುಮ್ನೆ ಕೂತ್ವಿ.

9/10
(ಫೋಟೋ: ವಾರಾಹಿ, ಸಂಜೆ)

ಕೊನೆಗೆ ಹೊಳೆ ದಂಡೆ. ಎದುರಿಗೆ ಹಟ್ಟಿಕುದ್ರು. ನೀರು ನಿಧಾನ. ಒಂದು ದೋಣಿ, ಅದರಲ್ಲಿ ಬಲೆ ಬಿಡಿಸ್ತಾ ಇದ್ದ ಒಬ್ರು.

ಇಷ್ಟು ದೊಡ್ಡ ಬಂದರು ಎಲ್ಲಿಗೆ ಹೋಯ್ತು? 1665ರ ಆ ಒಂದು ದಿನದಲ್ಲಿ ಮುಗಿದು ಹೋಗಲಿಲ್ಲ, ಅದಾದ ಮೇಲೂ ವ್ಯಾಪಾರ ನಡೆದಿದೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ, ಘಟ್ಟದ ಮೇಲಿನ ರಾಜಧಾನಿ ಹೋಯ್ತು. ಎರಡನೇ ಕ್ಯಾಪ್ಷನ್ ನೆನಪು ಮಾಡ್ಕೊಳ್ಳಿ: ಆ ಘಾಟಿ ದಾರಿಯ ಮೇಲಿನ ತುದಿ ಬಡವಾದ್ರೆ ಕೆಳಗಿನ ತುದಿಗೂ ಕಷ್ಟವೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿ ಇಂಗ್ಲಿಷರ ಕೈಗೆ ಬಂತು. ಕಾಲ ಹೋದ ಹಾಗೆ ಹಡಗುಗಳು ದೊಡ್ಡದಾದವು, ಹೊಳೆಯೊಳಗೆ ಬರೋದು ನಿಂತಿತು. ಮಂಗಳೂರು ಬೆಳೀತು, ಕುಂದಾಪುರ ತಾಲ್ಲೂಕು ಕೇಂದ್ರ ಆಯ್ತು. ಬಸ್ರೂರು ಮೆಲ್ಲಗೆ ತೋಟವಾಯ್ತು.

ದೋಣಿಯವರು ನಮ್ಮನ್ನ ನೋಡಿ, "ವಿಡಿಯೋ ಮಾಡೂಕ್ ಬಂದದ್ದಾ?" ಅಂದ್ರು. ಗೆಳೆಯ ನನ್ನ ಮುಖ ನೋಡಿದ. ನಾನು "ಇಲ್ಲ, ಸುಮ್ನೆ ಕಾಂಬುಕ್" ಅಂದೆ. ಆ ದಿನ ಮೊದಲ ಸಲ ಫೋನ್ ಕಿಸೆಯಲ್ಲಿಟ್ಟೆ.

10/10
(ಫೋಟೋ: ಹಳೆ ರೀಲಿನ ಸ್ಕ್ರೀನ್‌ಶಾಟ್, ಮೇಲೆ ಕೆಂಪು ಗೆರೆ)

ವಾಪಸ್ ಬರುವಾಗ ಬಸ್ಸಲ್ಲಿ ಚರ್ಚೆ. ಗೆಳೆಯ ಹೇಳಿದ, "ಡಿಲೀಟ್ ಮಾಡ್ಬಿಡು, ಯಾರಿಗೂ ಗೊತ್ತಾಗಲ್ಲ." ಇನ್ನೊಬ್ಬಳು ಫೋನಲ್ಲಿ, "ಇರಲಿ ಬಿಡು, ಅಷ್ಟು ವ್ಯೂಸ್ ಮತ್ತೆ ಸಿಗಲ್ಲ." ಎರಡೂ ಮಾಡಲಿಲ್ಲ. ಡಿಲೀಟ್ ಮಾಡಿದ್ರೆ ನಿಮ್ಮ ಫೋನಲ್ಲಿರೋ ತಪ್ಪು ಅಳಿಯಲ್ಲ. ಹಾಗಾಗಿ ರೀಲ್ ಅಲ್ಲೇ ಇದೆ, ಮೇಲೆ "ಇದು ತಪ್ಪು, ಸರಣಿ ಓದಿ" ಅಂತ ಬರೆದು ಪಿನ್ ಮಾಡಿದ್ದೇನೆ. ನೀವು ಯಾರಿಗೆ ಕಳ್ಸಿದ್ರೋ ಅವರಿಗೆ ಇದನ್ನೂ ಕಳ್ಸಿ. ಅದು ನನ್ನ ಕೋರಿಕೆ.

ಇನ್ನು ಮುಂದೆ ಹಳೆ ಊರಿನ ಬಗ್ಗೆ ಏನೇ ನೋಡಿದ್ರೂ ಮೂರು ಪ್ರಶ್ನೆ ಕೇಳಿ. ಆಗ ಆ ಊರು ಯಾರ ಕೈಯಲ್ಲಿತ್ತು? ಅಲ್ಲಿ ಬದುಕಿದ್ದವರು ಯಾರು? ಇದನ್ನ ಮೊದಲು ಬರೆದದ್ದು ಯಾರು, ಯಾವಾಗ? ಮೂರಕ್ಕೂ ಉತ್ತರ ಇಲ್ಲದಿದ್ರೆ ಶೇರ್ ಬಟನ್ ಒತ್ತಬೇಡಿ. ನಾನು ಒತ್ತಿ ಕಲಿತದ್ದು.

ಬಸ್ರೂರಿಗೆ ಹೋಗೋದಾದ್ರೆ ಅರ್ಧ ದಿನ ಸಾಲದು, ಒಂದು ದಿನ ಇಟ್ಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಬಿಸಿಲು ಜೋರು. ದೇವಸ್ಥಾನದ ಒಳಗೆ ಕೇಳದೆ ಫೋಟೋ ತೆಗೀಬೇಡಿ. ಶಾಸನದ ಅಕ್ಷರ ಕಾಣಲಿ ಅಂತ ಚಾಕ್‌ಪೀಸ್, ಹಿಟ್ಟು ಉಜ್ಜಬೇಡಿ, ಮೊಳೆಯಲ್ಲಂತೂ ಕೆರೀಲೇಬೇಡಿ. ಮೊಬೈಲ್ ಟಾರ್ಚನ್ನ ಬದಿಯಿಂದ ಹಿಡಿದ್ರೆ ನೆರಳಲ್ಲಿ ಅಕ್ಷರ ತಾನೇ ಎದ್ದು ಕಾಣ್ತದೆ. ಮತ್ತೆ ಅಂಗಳದಲ್ಲಿ ಯಾರಾದ್ರೂ ಅಜ್ಜಿ ಇದ್ರೆ ಮಾತಾಡಿಸಿ. ನಾವು ನಿಂತದ್ದು ಎಲ್ಲಿ ಅಂತ ಅವರಿಗೆ ಗೊತ್ತಿರ್ತದೆ.

ಹೆಮ್ಮಾಡಿಗೆ ಇಳಿದಾಗ ಕತ್ತಲಾಗಿತ್ತು. ಬೆಳಿಗ್ಗೆ ನಿಂತ ಅದೇ ಜಂಕ್ಷನ್. ನಾವು ಹೊರಟಲ್ಲಿಗೇ ಬಂದಿದ್ವಿ, ಆದ್ರೆ ಆ ಸೇತುವೆ ಕೆಳಗಿನ ನೀರು ಈಗ ಬರೀ ನೀರಾಗಿ ಕಾಣ್ತಾ ಇರಲಿಲ್ಲ.

ನಿಮ್ಮ ಮನೆ ಇರೋ ಕೇರಿ, ಹಾಡಿ, ಕುದ್ರು ಯಾವುದು? ಆ ಹೆಸರು ಯಾಕೆ ಬಂತು? ಮನೆಯಲ್ಲಿ ಕೇಳಿ, ಕಮೆಂಟಲ್ಲಿ ಹಾಕಿ. ಮುಂದಿನ ತಿರುಗಾಟ ಬಾರ್ಕೂರಿಗೆ. ಈ ಸಲ ಓದಿಕೊಂಡೇ ಹೋಗ್ತೇನೆ. ಬಪ್ಪುದಾದ್ರೆ ಹೇಳಿ, ಒಟ್ಟಿಗೇ ಹೋಪ.

#ಬಸ್ರೂರು #ಹೆಮ್ಮಾಡಿ #ನಮ್ಮ_ಕುಂದಾಪ್ರ #ವಾರಾಹಿ #ಕೇರಿ_ಕಥೆ